ಎದುರಾಳಿ ಬೇಕಾಗಿದ್ದಾರೆ

"ಕೈ ತೆಗೀರಿ!"

ಮೆಟ್ಟಿಲು ಹತ್ತಿ ಬಂದವಳು ಬಾಗಿಲಲ್ಲೇ ನಿಂತು ಕೂಗಿದಳು.

ಕೋಣೆಯ ನಡುವೆ ಹನ್ನೆರಡಡಿ ಉದ್ದ, ಆರಡಿ ಅಗಲದ ಮೇಜು. ಅದರ ಮೇಲೆ ಒಂದು ನದಿ, ಎರಡು ಗುಡ್ಡ, ಒಂದು ಸೇತುವೆ, ಒಂದು ಹಿಟ್ಟಿನ ಗಿರಣಿ, ಸಾವಿರದ ನೂರ ಹನ್ನೆರಡು ಪುಟಾಣಿ ಸೈನಿಕರು. ಆ ಮೇಜಿನ ಅಂಚಿಗೆ ಗಲ್ಲ ಊರಿ, ಒಂದು ಕಣ್ಣು ಮುಚ್ಚಿ, ಸೇತುವೆಯ ಮೇಲೆ ತೋರುಬೆರಳಿಟ್ಟುಕೊಂಡು ಕೂತಿದ್ದ ಒಬ್ಬ ಅಪರಿಚಿತ!

ಅವನು ಬೆರಳು ತೆಗೆದ. ಗಲ್ಲ ಮಾತ್ರ ತೆಗೆಯಲಿಲ್ಲ.

"ಈ ಸೇತುವೆ ತಪ್ಪು ಜಾಗದಲ್ಲಿದೆ," ಅಂದ ಮೆಲ್ಲಗೆ.

ಅವಳಿಗೆ ಅಂಗಾಲಿನಿಂದ ನೆತ್ತಿವರೆಗೆ ಉರಿಯಿತು. ಆ ಸೇತುವೆ ಅವಳ ಕೈಯ ಕೆಲಸ. ಅದರ ಒಂದೊಂದು ಕಲ್ಲನ್ನೂ ಹಲ್ಲು ಕೊರೆಯುವ ಸೂಜಿಯಲ್ಲಿ ಕೊರೆದಿದ್ದಳು!

"ಯಾರ್ರೀ ನೀವು? ಒಳಗೆ ಬಿಟ್ಟಿದ್ದು ಯಾರು?"

"ಬಾಗಿಲ ಮೇಲೆ ಚೀಟಿ ಇತ್ತು." ಅವನು ಎದ್ದು ನಿಂತು ಮೊಣಕಾಲು ಒರೆಸಿಕೊಂಡ. "‘ಎದುರಾಳಿ ಬೇಕಾಗಿದ್ದಾರೆ. ಭಾನುವಾರ, ಬೆಳಿಗ್ಗೆ ಹನ್ನೊಂದು.’ ನಾನು ಸರ್ವೇಯರ್. ಜಾಗ ಅಳೆಯೋ ಕೆಲಸ. ಅದಕ್ಕೇ ಸೇತುವೆ... ಅಭ್ಯಾಸ ನೋಡಿ."

ಹೇಳಿ ನಕ್ಕ. ಒಳ್ಳೆಯ ನಗುವೇ. ಆದರೆ ಅವಳ ಹತ್ತಿರ ನಗುವಿಗೆ ಬೆಲೆ ಇರಲಿಲ್ಲ. ದಂತವೈದ್ಯರಿಗೆ ಹಲ್ಲಿನ ಸೆಟ್ ಕಟ್ಟಿಕೊಡುವುದು ಅವಳ ಕಸುಬು. ಊರಿನ ಅರ್ಧ ನಗು ಅವಳ ಕೈಯಿಂದಲೇ ತಯಾರಾಗಿ ಹೋಗಿತ್ತು. ನಗುವನ್ನು ನಂಬು ಅಂದರೆ ಹೇಗೆ ನಂಬುತ್ತಾಳೆ, ನೀವೇ ಹೇಳಿ!

ಅದೂ ಅಲ್ಲದೆ, ಎರಡು ವರ್ಷದ ಹಿಂದೆ ಹೀಗೇ ಒಬ್ಬ ‘ಅಭಿಮಾನಿ’ ಬಂದು, ಆಹಾ ಓಹೋ ಅಂತ ಹೊಗಳಿ, ಹೋಗುವಾಗ ಬಿಳಿ ಸೇನಾಪತಿಯನ್ನೇ ಜೇಬಿಗಿಳಿಸಿಕೊಂಡು ಹೋಗಿದ್ದ. ಅಂದಿನಿಂದ ಬಂದವರು ಹೋದಮೇಲೆ ಅವಳು ಸೈನಿಕರನ್ನು ಎಣಿಸುತ್ತಾಳೆ. ಎಲ್ಲ ಸಾವಿರದ ನೂರ ಹನ್ನೆರಡನ್ನೂ!

"ಬಂದ್ರಾ! ಎದುರಾಳಿ ಬಂದ್ರಾ!" ಅನ್ನುತ್ತಾ ಅಪ್ಪ ಮೆಟ್ಟಿಲು ಹತ್ತಿ ಬಂದರು. ಅವರ ಮುಖದಲ್ಲಿದ್ದ ಖುಷಿ ನೋಡಿ ಅವಳು ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

ಅಪ್ಪನ ಕಥೆಯನ್ನು ಇಲ್ಲೇ ಹೇಳಿಬಿಡಬೇಕು. ಮೂವತ್ತನಾಲ್ಕು ವರ್ಷ ಅಂಚೆ ಕಚೇರಿಯಲ್ಲಿ ಕಾಗದ ವಿಂಗಡಿಸಿದವರು ಅವರು. ತಡವಾದ ಕಾಗದ ಅಂದರೆ ಅವರಿಗೆ ಸ್ವಂತ ಮನೆಯ ಅವಮಾನ. ಇಪ್ಪತ್ತು ವರ್ಷದ ಹಿಂದೆ ಯಾವುದೋ ಹಳೆಯ ಪುಸ್ತಕದಲ್ಲಿ ಒಂದು ಕದನದ ಸಂಗತಿ ಓದಿದರು. ನೂರೈವತ್ತು ವರ್ಷಕ್ಕೂ ಹಿಂದಿನದು. ನದಿ ದಂಡೆಯಲ್ಲಿ ನೀಲಿ ಸೈನ್ಯ, ಬಿಳಿ ಸೈನ್ಯ. ಗೆಲ್ಲಬೇಕಾಗಿದ್ದವರು ನೀಲಿಯವರು. ಆದರೆ ಗುಡ್ಡದ ಹಿಂದೆ ಕಾದಿದ್ದ ಮೀಸಲು ಪಡೆಗೆ ಸೇನಾಪತಿ ಬರೆದ ಚೀಟಿ, ‘ಕೂಡಲೇ ಸೇತುವೆಗೆ ಬನ್ನಿ’ ಅನ್ನುವ ಒಂದೇ ಸಾಲಿನ ಚೀಟಿ, ಒಂದು ಗಂಟೆ ತಡವಾಗಿ ತಲುಪಿತು. ಸೋತರು.

ಅದನ್ನು ಓದಿದ ದಿನ ಅಪ್ಪನಿಗೆ ಊಟ ಸೇರಲಿಲ್ಲ. "ಒಂದು ಕಾಗದ! ಒಂದೇ ಒಂದು ಕಾಗದ ಸರಿಯಾದ ಹೊತ್ತಿಗೆ ತಲುಪಿಸೋಕಾಗಲಿಲ್ವಾ ಇವರಿಗೆ!" ಅಂತ ಗೋಳಾಡಿದರು.

ಆ ಕದನವನ್ನು ತಾವೇ ಮೇಜಿನ ಮೇಲೆ ಮತ್ತೆ ಆಡಿ ನೋಡಬೇಕೆಂದು ಹೊರಟರು. ಮನೆಯಲ್ಲಿ ಜಾಗವಿರಲಿಲ್ಲ. ಬೀಗದ ಅಂಗಡಿಯ ಮೇಲಿನ ಈ ಕೋಣೆ ಹಿಡಿದು, ಕೋಣೆಯೊಳಗೇ ಮೇಜು ಕಟ್ಟಿಸಿದರು. ಆ ಮೇಜು ಹುಟ್ಟಿದ್ದೇ ಅಲ್ಲಿ. ಬಾಗಿಲು ದಾಟಿದ್ದೇ ಇಲ್ಲ. ಮಗಳು ಹಲ್ಲಿನ ಅಚ್ಚಿನ ಪ್ಲಾಸ್ಟರ್ ತಂದು ಗುಡ್ಡ ಎರೆದಳು, ಒಂದೇ ಕೂದಲಿನ ಕುಂಚದಲ್ಲಿ ಸೈನಿಕರಿಗೆ ಗುಂಡಿ ಬರೆದಳು.

ಇಷ್ಟೆಲ್ಲ ಆಗಿಯೂ ಹದಿನಾಲ್ಕು ಸರದಿಯ ಆ ಕದನ ಒಂದು ಸಲವೂ ಕೊನೆ ಮುಟ್ಟಿರಲಿಲ್ಲ. ಹಳೆಯ ಎದುರಾಳಿ ಅಂಚೆ ಕಚೇರಿಯ ಗೆಳೆಯ. ಏಳೆಂಟು ಸರದಿ ಆಡುವಷ್ಟರಲ್ಲಿ ಇಬ್ಬರೂ ಜಗಳವಾಡಿ ಮುಖ ತಿರುಗಿಸಿಕೊಳ್ಳುತ್ತಿದ್ದರು. ಈಗ ಆ ಗೆಳೆಯನೂ ಊರು ಬಿಟ್ಟು ಮಗಳ ಮನೆ ಸೇರಿದ್ದ. ಅಪ್ಪನ ಬಲಗೈ ಬೇರೆ ನಡುಗಲು ಶುರುವಾಗಿತ್ತು.

"ಕೈ ಪೂರ್ತಿ ಕೈ ಕೊಡೋದ್ರೊಳಗೆ ಒಂದೇ ಒಂದು ಸಲ ಹದಿನಾಲ್ಕು ಸರದಿ ಆಡಿಬಿಡ್ಬೇಕು ಕಣಮ್ಮಾ. ಆ ಚೀಟಿ ತಲುಪಿಸಿಬಿಡ್ಬೇಕು. ಆಮೇಲೆ ಏನಾದ್ರೂ ಆಗ್ಲಿ."

ಅಪ್ಪ ಕೇಳಿದ್ದು ಅಷ್ಟೇ. ಹಾಗಾಗಿ ಅವಳು ಆ ಸರ್ವೇಯರನ್ನು ಹೊರಗೆ ಹಾಕಲಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ಕಾಯಲು ನಿರ್ಧರಿಸಿದಳು.

*

"ನಿಯಮ ಕೇಳಿಸ್ಕೊಳ್ಳಿ," ಅಂದಳು ಬಿಗಿಯಾಗಿ. "ಇಲ್ಲಿ ಬಾಯಲ್ಲಿ ಆಜ್ಞೆ ಕೊಡೋ ಹಾಗಿಲ್ಲ. ಸೇನಾಪತಿ ಚೀಟಿ ಬರೀಬೇಕು, ಮಡಚಿ ದೂತನ ಕುದುರೆ ಕೆಳಗೆ ಇಡ್ಬೇಕು. ಸರದಿಗೆ ಒಂದು ಗೇಣು ಕುದುರೆ ಓಡುತ್ತೆ. ಗೇಣು ಅಂದ್ರೆ ಈ ಕೋಲು, ಅಪ್ಪನ ಕೈ ಅಳತೆ. ಕುದುರೆ ತಲುಪಿದ ಮೇಲೆ ಅಂಪೈರ್ ‘ತಲುಪಿತು’ ಅಂತ ಕೂಗ್ತಾರೆ. ಆಮೇಲೇ ಚೀಟಿ ಒಡೆಯೋದು."

"ಅಂಪೈರ್ ಯಾರು?"

"ನಾನೇ."

"ದಾರೀಲಿ ಕುದುರೆ ಸತ್ತರೆ?"

"ಚೀಟಿ ಹರಿದು ಹಾಕ್ತೀವಿ. ಯಾರೂ ಓದಲ್ಲ. ತಲುಪದ ಕಾಗದ ಓದಬಾರದು."

"ಅದು ಅಂಚೆ ಧರ್ಮ!" ಅಂದರು ಅಪ್ಪ, ಕುರ್ಚಿಯಲ್ಲಿ ನೆಟ್ಟಗೆ ಕೂತು.

"ಅಂಪೈರ್ ಮೇಲೇ ದೂರು ಇದ್ರೆ?"

ಅವಳು ಕಣ್ಣು ಕಿರಿದು ಮಾಡಿದಳು. ಬಂದ ದಿನವೇ ದೂರಿನ ಮಾತು! "ಗಿರಣಿ ಮುಂದೆ ಕೊಡ ಹಿಡ್ಕೊಂಡು ನಿಂತಿರೋ ಹೆಂಗಸು ಕಾಣ್ತಾಳಲ್ಲ, ಅವಳೇ ಅಂಪೈರ್ ಅಂತ ಲೆಕ್ಕ. ದೂರಿನ ಚೀಟಿ ಅಲ್ಲಿಗೆ ಕಳಿಸಿ."

"ಸರಿ, ಅಂಪೈರಮ್ಮ."

ಅಪ್ಪ ಬಿದ್ದು ಬಿದ್ದು ನಕ್ಕರು. ಆವತ್ತಿನಿಂದ ಅವಳು ಅಂಪೈರಮ್ಮನೇ ಆದಳು.

ಕಿಟಕಿ ಪಕ್ಕ ಸ್ವೆಟರ್ ಹೆಣೆಯುತ್ತಿದ್ದ ಸೋದರತ್ತೆ ಮಾತ್ರ ನಗಲಿಲ್ಲ. ಅವನು ಹೋದಮೇಲೆ ಸೂಜಿ ಕೆಳಗಿಟ್ಟು ಶುರು ಹಚ್ಚಿಕೊಂಡಳು.

"ಅಲ್ವೇ, ಮೂವತ್ತು ದಾಟಿದ ಗಂಡಸು. ನೋಡೋಕೆ ಲಕ್ಷಣವಾಗಿದಾನೆ. ಸರ್ಕಾರಿ ಕೆಲಸ ಬೇರೆ. ಅಂಥವನು ಭಾನುವಾರ ಬಿಟ್ಟು ಬಂದು ಬೊಂಬೆ ಆಡ್ತಾನಾ? ಏನೋ ಮಸಲತ್ತು ಇದೆ ಕಣೇ!"

"ನನಗೂ ಹಾಗೇ ಅನ್ಸುತ್ತೆ ಅತ್ತೆ," ಅಂದಳು ಅವಳು, ಸೈನಿಕರನ್ನು ಎಣಿಸುತ್ತಾ. ಸಾವಿರದ ನೂರ ಹತ್ತು... ಹನ್ನೊಂದು... ಹನ್ನೆರಡು. ಎಲ್ಲ ಇದ್ದರು.

ಹಾಗಾದರೆ ಇವನಿಗೆ ಬೇಕಾಗಿರೋದೇನು?

*

ಭಾನುವಾರಕ್ಕೆ ಎರಡು ಸರದಿ. ಅಪ್ಪ ನೀಲಿ, ಅವನು ಬಿಳಿ.

ಎರಡನೇ ವಾರ ಅವಳು ಟೀ ತರಲು ಕೆಳಗಿಳಿದು ಬರುವಷ್ಟರಲ್ಲಿ ಅವನು ಕಿಟಕಿಯ ಬುಡದಲ್ಲಿ ಮೊಣಕಾಲೂರಿ ಕೂತಿದ್ದ. ಕೈಯಲ್ಲಿ ಅಳತೆ ಪಟ್ಟಿ!

"ಏನು ಮಾಡ್ತಿದೀರಾ?"

"ಅದು... ನಾಣ್ಯ ಬಿತ್ತು."

"ನಾಣ್ಯ ಹುಡುಕೋಕೆ ಅಳತೆ ಪಟ್ಟಿ ಬೇಕಾ?"

ಅವನ ಕಿವಿ ಕೆಂಪಾಯಿತು. ಪಟ್ಟಿ ಜೇಬು ಸೇರಿತು, ಒಂದು ಪುಟ್ಟ ಹಸಿರು ನೋಟ್‌ಪುಸ್ತಕವೂ ಅದರ ಹಿಂದೆಯೇ ಹೋಯಿತು. ಅಪ್ಪ ನದಿಯ ಕಡೆ ನೋಡುತ್ತಾ ಕೂತಿದ್ದರು. ಅವರಿಗೆ ಇದ್ಯಾವುದೂ ಬೇಕಿರಲಿಲ್ಲ.

ಸುಳ್ಳು... ಎಳ್ಳಷ್ಟೂ ಸಂಶಯವಿಲ್ಲ, ಸುಳ್ಳು!

ಮತ್ತೆ ಅವಳಿಗೆ ಹೊಳೆದದ್ದು, ಇವನು ಯಾವಾಗ ನೋಡಿದರೂ ಕಿಟಕಿಯ ಕಡೆಯ ಮೂಲೆಯಲ್ಲೇ ನಿಲ್ಲುತ್ತಾನೆ. ತನ್ನ ಸೈನ್ಯವನ್ನೂ ಅಲ್ಲೇ ಗುಂಪು ಹಾಕಿದ್ದಾನೆ. ಸೇತುವೆ ಬೇಕಾದವನು ಆ ಮೂಲೆಯಲ್ಲಿ ಮಾಡುವುದೇನು?

ಇಷ್ಟರ ನಡುವೆ ಇನ್ನೊಂದು ಕಷ್ಟ. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೂ ಪೂರ್ತಿ ಹೇಳಿಕೊಂಡಿರಲಿಲ್ಲ. ಅಪ್ಪನ ನಡುಗುವ ಕೈ ತಗುಲಿ ನೀಲಿ ಸಾಲೊಂದು ಬಿದ್ದರೆ ಅವನು ಮಾತಿಲ್ಲದೆ ಒಬ್ಬೊಬ್ಬರನ್ನೇ ಎತ್ತಿ ನಿಲ್ಲಿಸುತ್ತಿದ್ದ. ಅಪ್ಪನಿಗೆ ಗೊತ್ತಾಗುವ ಮೊದಲೇ. ಅದನ್ನು ನೋಡಿದಾಗ ಅವಳ ಮನಸ್ಸು ಮೆತ್ತಗಾಗುತ್ತಿತ್ತು...

ಮೆತ್ತಗಾದಷ್ಟೂ ಸಿಟ್ಟು ಬರುತ್ತಿತ್ತು. ಸೇನಾಪತಿಯನ್ನು ಕದ್ದವನೂ ಅಪ್ಪನಿಗೆ ಕುರ್ಚಿ ಎಳೆದುಕೊಟ್ಟಿದ್ದನಲ್ಲ!

ಆ ಸಿಟ್ಟಲ್ಲೇ ಮೂರನೇ ವಾರ ಅವಳೊಂದು ಅನ್ಯಾಯ ಮಾಡಿದಳು. ಐದನೇ ಸರದಿಯಲ್ಲಿ ಅವನ ಕುದುರೆ ಪಡೆ ಹೊಳೆ ದಾಟುತ್ತಿತ್ತು. "ಕೆಸರು. ಹೂತುಹೋದ್ರು," ಅಂದುಬಿಟ್ಟಳು. ಅಲ್ಲಿ ಕೆಸರೇ ಇರಲಿಲ್ಲ. ಹೊಳೆಗೆ ಬಣ್ಣ ಬಳಿದವಳಿಗೆ ಗೊತ್ತಿರದೇ ಇರುತ್ತದೆಯೇ!

ಅವನು ಅವಳನ್ನು ಒಂದು ಗಳಿಗೆ ನೋಡಿದ. ಒಂದು ಚೀಟಿ ತೆಗೆದುಕೊಂಡು, ಬೆನ್ನು ತಿರುಗಿಸಿ, ಎರಡೂ ಬದಿ ಬರೆದ. ಬರೆದೇ ಬರೆದ. ಮಡಚಿ ಕಂದು ಕುದುರೆಯ ಕೆಳಗಿಟ್ಟು, ಮೇಜಿನ ಕಟ್ಟಕಡೆಯ ಮೂಲೆಯಲ್ಲಿ ನಿಲ್ಲಿಸಿದ.

"ಯಾರಿಗೆ?"

"ಗಿರಣಿಗೆ."

ದೂರು! ಅವಳ ಮುಖ ಬಿಸಿಯಾಯಿತು. ಕೋಲಿಟ್ಟು ಅಳೆದಳು. "ಏಳು ಗೇಣು ಆಗುತ್ತೆ. ಹತ್ತಿರದ ದೂತನ್ನ ಕಳಿಸಬಹುದಿತ್ತಲ್ಲ?"

"ಇಷ್ಟು ದೂರ ಇರ್ಲಿ," ಅಂದ ಅವನು.

ಆವತ್ತು ಕುದುರೆ ಎರಡು ಗೇಣು ನಡೆಯಿತು. ನಾಲ್ಕನೇ ವಾರ ಇನ್ನೆರಡು. ಪ್ರತಿ ಸಲ ಅದನ್ನು ಮುಂದಿಡುವಾಗ ಅವಳ ಬೆರಳು ಜುಮ್ಮೆನ್ನುತ್ತಿತ್ತು. ಕೆಳಗಿದ್ದ ಚೀಟಿಯ ಅಂಚು ಕಾಣುತ್ತಿತ್ತು. ಒಂದು ಉಗುರು ತಾಗಿಸಿದರೆ ಸಾಕಿತ್ತು... ತಾಗಿಸಲಿಲ್ಲ. ಯಾರ ಮಗಳು ಅವಳು!

*

ನಾಲ್ಕನೇ ವಾರ ಅವನು ಹಸಿರು ನೋಟ್‌ಪುಸ್ತಕವನ್ನು ಕಿಟಕಿಯ ಕಟ್ಟೆಯ ಮೇಲೆ ಮರೆತುಹೋದ. ನೋಟ್‌ಪುಸ್ತಕ ಅಂಚೆಯಲ್ಲ, ಓದಬಹುದು ಅಂತ ಅಂಪೈರಮ್ಮ ತನಗೆ ತಾನೇ ತೀರ್ಪು ಕೊಟ್ಟುಕೊಂಡಳು.

ಬಾಗಿಲು: ಎರಡು ಮುಕ್ಕಾಲು ಅಡಿ. ಮೆಟ್ಟಿಲ ತಿರುವು: ಮೂರಡಿ. ಕಿಟಕಿ: ಚೌಕಟ್ಟು ಸೇರಿ, ಚೌಕಟ್ಟು ಬಿಟ್ಟು. ಗೋಡೆಯ ದಪ್ಪ. ಮೇಜಿನ ಅಡ್ಡ ಪಟ್ಟಿಗಳು, ಕಾಲಿನ ಮೊಳೆಗಳು, ಎಲ್ಲವೂ!

ಶನಿವಾರ ಕೋಣೆಯ ಮಾಲೀಕರಿಂದ ರಿಜಿಸ್ಟರ್ ಅಂಚೆ ಬಂತು. ಕಟ್ಟಡ ಕೆಡವುತ್ತೇವೆ, ಹದಿನೈದು ದಿನದಲ್ಲಿ ಕೋಣೆ ಬಿಟ್ಟುಕೊಡಿ. ಜೊತೆಗೊಂದು ನಕ್ಷೆ. ನಕ್ಷೆಯ ಕೆಳಗೆ ಸರ್ವೇಯರನ ಸಹಿ.

ಅಪ್ಪ ಕಾಗದವನ್ನು ಎರಡು ಸಲ ಓದಿದರು. "ವಿಳಾಸ ಸರಿಯಾಗಿ ಬರೆದಿದ್ದಾರೆ," ಅಂದರು. ಆಮೇಲೆ ಹೋಗಿ ಮೇಜಿನ ಅಂಚು ಹಿಡಿದು ನಿಂತರು.

ಅವಳ ಕಣ್ಣು ಕತ್ತಲಿಟ್ಟಿತು. ಬಾಗಿಲಲ್ಲಿ ಹೋಗದ ಮೇಜು. ಕೊಯ್ದರೆ ಪ್ಲಾಸ್ಟರಿನ ಗುಡ್ಡ ಪುಡಿಯಾಗುತ್ತದೆ, ನದಿ ಸೀಳುತ್ತದೆ. ಅಪ್ಪನ ಇಪ್ಪತ್ತು ವರ್ಷ!

ಭಾನುವಾರ ಅವನು ಬಾಗಿಲಿಗೆ ಬರುತ್ತಲೇ ನಕ್ಷೆ ಹಿಡಿದು ನಿಂತಳು.

"ಈ ಸಹಿ ನಿಮ್ಮದಾ?"

ಅವನ ಮುಖದ ಬಣ್ಣ ಹೋಯಿತು. "...ಹೌದು. ಆದ್ರೆ ಅದು..."

"ಈ ಪುಸ್ತಕ?"

"ನನ್ನದೇ. ನೋಡಿ, ನಾನು ಹೇಳೋದನ್ನ..."

"ನಾಣ್ಯ ಸಿಕ್ತಾ? ಅಪ್ಪನ ಜೊತೆ ಕೂತು, ಟೀ ಕುಡಿದು, ಬಿದ್ದ ಸೈನಿಕರನ್ನ ಎತ್ತಿ ನಿಲ್ಲಿಸಿ... ಇಷ್ಟು ದಿನ ನಮ್ಮ ಗೋರಿ ಅಳೀತಾ ಇದ್ರಾ?"

"ಪುಟ್ಟಾ, ಅವರಿಗೆ ಮಾತಾಡೋಕೆ ಬಿಡು," ಅಂದರು ಅಪ್ಪ.

"ಏನೂ ಬೇಡ! ಬಾಯಿ ಬಿಡಬೇಡಿ ನೀವು. ಹೊರಡಿ!"

ಅವನು ಮೇಜಿನ ಕಡೆ ನೋಡಿದ. "ಗಿರಣಿಯ ಚೀಟಿ ಇನ್ನೂ ತಲುಪಿಲ್ಲ, ಅಲ್ವಾ?"

"ಮೂರು ಗೇಣು ಬಾಕಿ ಇದೆ."

"ಮೂರು ಗೇಣು..." ಅವನು ತನ್ನಲ್ಲೇ ಅಂದುಕೊಂಡ. ತಲೆ ತಗ್ಗಿಸಿ ಮೆಟ್ಟಿಲಿಳಿದ.

ಅತ್ತೆ ಸೂಜಿ ಆಡಿಸುತ್ತಾ, "ನಾನು ಅವತ್ತೇ ಹೇಳಲಿಲ್ವಾ?" ಅಂದಳು. ಅನುಮಾನ ನಿಜವಾದರೆ ಸಮಾಧಾನವಾಗಬೇಕಿತ್ತು. ಅಂಪೈರಮ್ಮ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಯಾಕೆ ಅಂತ ಮಾತ್ರ ಕೇಳಬೇಡಿ.

*

ಹತ್ತು ದಿನ ಕಳೆಯಿತು. ಬುಧವಾರ ಮಧ್ಯಾಹ್ನ ಮೂರಕ್ಕೆ ಬಡಗಿ ಗರಗಸದೊಂದಿಗೆ ಬಂದು ಮೇಜು ಕೊಯ್ಯುವುದೆಂದು ನಿಶ್ಚಯವಾಯಿತು.

ಬುಧವಾರ ಬೆಳಿಗ್ಗೆ ಅವಳು ರಟ್ಟಿನ ಪೆಟ್ಟಿಗೆಗಳನ್ನು ತಂದಳು. ಯಾರನ್ನು ಮೊದಲು ಎತ್ತುವುದು? ಕೈ ತಾನಾಗಿ ಕಂದು ಕುದುರೆಯ ಕಡೆ ಹೋಯಿತು. ಚೀಟಿ ಅಲ್ಲೇ ಇತ್ತು.

"ಅದನ್ನ ಮುಟ್ಟಬೇಡ," ಅಂದರು ಅಪ್ಪ.

"ಆಟ ಮುಗೀತಲ್ಲಪ್ಪಾ."

"ಯಾರು ಹೇಳಿದ್ದು? ಸರದಿ ನಿಂತಿದೆ, ಅಷ್ಟೇ. ಇನ್ನೂ ತಲುಪಿಲ್ಲ, ಅದನ್ನ ನೀನು ಒಡೆಯೋ ಹಾಗಿಲ್ಲ. ಹರಿಯೋ ಹಾಗೂ ಇಲ್ಲ, ಕುದುರೆ ಬದುಕಿದೆ."

"ಮತ್ತೇನು ಮಾಡೋದು?"

"ತಲುಪಿಸೋಣ." ಅಪ್ಪ ಕುರ್ಚಿ ಎಳೆದುಕೊಂಡರು. "ಬಿಳಿ ಸೈನ್ಯ ನೀನು ನೋಡ್ಕೋ. ಮೂರು ಸರದಿ. ಒಂದು ಮಾತು ಹೇಳ್ಲಾ? ಅಂಪೈರ್ ಆದವರು ಎರಡೂ ಕಡೆ ಕೇಳ್ಬೇಕು. ಅವತ್ತು ನೀನು ಒಂದೇ ಕಡೆ ಕೇಳಿದೆ."

ಅವಳಿಗೆ ಚುರ್ ಅಂತು.

ಒಂಬತ್ತನೇ ಸರದಿ ಸುಮ್ಮನೆ ಕಳೆಯಿತು. ಕುದುರೆ ಒಂದು ಗೇಣು ಮುಂದೆ ಹೋಯಿತು. ಮುಂದಿನ ದಾರಿ ನೀಲಿ ಫಿರಂಗಿಗಳ ಎದುರು! ಹಾದುಹೋಗುವ ದೂತನ ಮೇಲೆ ದಾಳ ಹಾಕಲೇಬೇಕು. ಒಂದು ಅಥವಾ ಎರಡು ಬಿದ್ದರೆ ದೂತ ಸತ್ತ, ಚೀಟಿ ಚೂರು.

"ಅಪ್ಪಾ... ಬಿಟ್ಟುಬಿಡಬಹುದಲ್ಲ?"

"ನಿಯಮ ನಿಯಮವೇ. ಮೋಸದಲ್ಲಿ ತಲುಪಿದ್ದು ತಲುಪಿದ ಹಾಗಲ್ಲ."

ಅಪ್ಪ ಹಾಕಿದರು. ದಾಳ ಉರುಳಿತು. ನಾಲ್ಕು!

ಅವಳಿಗೆ ಉಸಿರು ಬಂತು. ಆಗಲೇ ಅವಳಿಗೆ ಗೊತ್ತಾದದ್ದು... ತನಗೆ ಆ ಚೀಟಿ ಬೇಕು. ಬೈಗುಳವೇ ಇರಲಿ, ದೂರೇ ಇರಲಿ, ಅವನ ಕೈಬರಹ ಬೇಕು!

ಹನ್ನೊಂದನೇ ಸರದಿ. ದಾಳ ಉರುಳುತ್ತಾ ಹೋಗಿ ಗಿರಣಿ ಹತ್ತಿರದ ಪ್ಲಾಸ್ಟರ್ ಬಂಡೆಗೆ ಒರಗಿ ವಾರೆಯಾಗಿ ನಿಂತಿತು. ಮೇಲೆ ಕಾಣುತ್ತಿದ್ದದ್ದು ಎರಡೋ, ಮೂರೋ? ಅರ್ಧ ಅದು, ಅರ್ಧ ಇದು.

"ಅಂಪೈರ್ ಏನು ಹೇಳ್ತಾರೆ?" ಅಪ್ಪ ಅವಳನ್ನೇ ನೋಡಿದರು.

ಮೂರು ಅಂದುಬಿಡಬಹುದಿತ್ತು. ಹಿಂದೊಮ್ಮೆ ಇಲ್ಲದ ಕೆಸರು ಹೇಳಿರಲಿಲ್ಲವೇ! ನಾಲಿಗೆ ತುದಿಯವರೆಗೂ ಬಂತು...

"ವಾರೆ ಬಿದ್ದಿದೆ. ಮತ್ತೆ ಹಾಕಿ," ಅಂದಳು.

ಅತ್ತೆಯ ಸೂಜಿ ಕೂಡ ನಿಂತಿತ್ತು. ದಾಳ ಉರುಳಿತು, ತಿರುಗಿತು, ನಿಂತಿತು.

ಆರು!

ಅವಳು ಕುದುರೆಯನ್ನು ಎತ್ತಿ ಕೊಡ ಹಿಡಿದ ಹೆಂಗಸಿನ ಮುಂದಿಟ್ಟಳು. "ತ... ತಲುಪಿತು," ಅಂದಳು.

ಚೀಟಿ ಬಿಡಿಸಿದಳು. ಇರುವೆ ಸಾಲಿನಂಥ ಅಕ್ಷರ, ಎರಡೂ ಬದಿ.

‘ಅಂಪೈರಮ್ಮನವರಿಗೆ. ದೂರು ಒಂದು, ನನ್ನ ಮೇಲೆಯೇ: ಈ ಕೋಣೆಯ ನಕ್ಷೆ ಬರೆದವನು ನಾನು. ಅಳೆಯಲು ಬಂದಾಗಲೇ ನಿಮ್ಮ ಮೇಜು, ಬಾಗಿಲ ಮೇಲಿನ ಚೀಟಿ ನೋಡಿದ್ದು. ಕೆಡವುತ್ತಾರೆಂದು ಕಳೆದ ವಾರ ಗೊತ್ತಾಯಿತು. ಮೇಜು ಕೊಯ್ಯಬೇಡಿ. ಬಾಗಿಲಲ್ಲಿ ಹೋಗದು, ಕಿಟಕಿಯಲ್ಲಿ ಹೋಗುತ್ತದೆ. ಚೌಕಟ್ಟು, ಕಾಲು ಬಿಚ್ಚಿದರೆ ಮಲಗಿದ ಹಾಗೆಯೇ ಹೊರಬರುತ್ತದೆ, ಮೂರು ಅಂಗುಲ ಮಿಗುತ್ತದೆ. ನಮ್ಮ ಕಚೇರಿಯ ಹಳೆ ನಕ್ಷೆ ಕೋಣೆ ಖಾಲಿ ಇದೆ, ಅನುಮತಿ ಕೇಳಿದ್ದೇನೆ. ಸಿಕ್ಕದೆ ಆಸೆ ಹುಟ್ಟಿಸಲು ಮನಸ್ಸಿಲ್ಲ.

ದೂರು ಎರಡು, ನಿಮ್ಮ ಮೇಲೆ: ನಾನು ಸೇತುವೆಗಾಗಿ ಬರುತ್ತಿಲ್ಲ. ನೀವು ಗಮನಿಸಿಲ್ಲ. ಎದುರಿಗೆ ಹೇಳಲು ಧೈರ್ಯ ಸಾಲದು, ಏಳು ಸರದಿ ಸಮಯ ಬೇಕು.’

ಅವಳು ಓದಿ ಮುಗಿಸಿ ನೆಲದ ಮೇಲೆ ಕೂತುಬಿಟ್ಟಳು.

"ಏನಂತೆ?" ಅಂದಳು ಅತ್ತೆ. ಮರುಗಳಿಗೆಗೇ ಸೆರಗಿನಲ್ಲಿ ಬೆವರು ಒರೆಸಿಕೊಂಡಳು. "ಅದು... ಎರಡು ಸಲ ಬಂದಿದ್ದ ಕಣೇ ಮನೆ ಹತ್ರ. ಹೊಸಿಲು ತುಳೀಬಾರ್ದು ಅಂತ ನೀನೇ ಹೇಳಿದ್ಯಲ್ಲ? ಒಂದು ಲಕೋಟೆ ಕೊಡೋಕೆ ಬಂದ. ನಾನು ತಗೊಳ್ಳಲಿಲ್ಲ."

"ಲಕೋಟೆ ವಾಪಸ್ ಕಳಿಸಿದ್ಯಾ?" ಅಪ್ಪ ಎದ್ದು ನಿಂತರು. "ನನ್ನ ಮನೇಲಿ? ನನ್ನ ಒಡಹುಟ್ಟಿದವಳು?"

"ಜಗಳ ಆಮೇಲೆ ಆಡಿ!" ಅವಳು ಆಗಲೇ ಚಪ್ಪಲಿ ಹುಡುಕುತ್ತಿದ್ದಳು. "ಗಂಟೆ ಎಷ್ಟು?"

"ಎರಡು."

"ಬಡಗಿ ಬಂದ್ರೆ ಗರಗಸ ಮುಟ್ಟಿಸಬೇಡಿ! ಟೀ ಕೊಡಿ, ಕಥೆ ಹೇಳಿ, ಏನಾದ್ರೂ ಮಾಡಿ!"

*

ಸರ್ವೇ ಕಚೇರಿಯವರು ಹೇಳಿದ ರಸ್ತೆಗೆ ಅವಳು ಓಡಿಯೇ ಬಂದಳು. ತುದಿಯಲ್ಲಿ ಅವನು ಮುಕ್ಕಾಲಿಯ ಮೇಲಿದ್ದ ಹಳೆಯ ಅಳತೆ ಯಂತ್ರಕ್ಕೆ ಕಣ್ಣು ಹಚ್ಚಿ ಬಾಗಿದ್ದ. ಈ ತುದಿಯಲ್ಲಿ ಅಳತೆ ಕೋಲು ಹಿಡಿದಿದ್ದವರು, ನೆರೆತ ಮೀಸೆಯ ಸಹಾಯಕರು, ಕೂಗಿದರು.

"ಏ ತಾಯಿ! ಅಡ್ಡ ಬರಬೇಡಿ!"

ಅವಳು ಅಡ್ಡವೇ ಬಂದಳು. ಅವನು ಯಂತ್ರದಿಂದ ಕಣ್ಣೆತ್ತಲಿಲ್ಲ. ನಂಬಿಕೆ ಬರದವನಂತೆ ಹಾಗೇ ನೋಡುತ್ತಿದ್ದ. ಅವಳು ಎದುರಿಗೇ ಬಂದು ನಿಂತಮೇಲೆ ನೆಟ್ಟಗಾದ.

"ಈ ಯಂತ್ರ ಹಳೇದು," ಅಂದ, ಬೇರೆ ಮಾತು ತೋಚದೆ. "ಇದರಲ್ಲಿ ಎಲ್ಲಾ ತಲೆಕೆಳಗಾಗಿ ಕಾಣುತ್ತೆ. ನೀವು ತಲೆಕೆಳಗಾಗಿ ಓಡಿ ಬರ್ತಿದ್ರಿ."

"ನಾನು ನಿಮ್ಮನ್ನ ಇಷ್ಟು ವಾರ ಹಾಗೇ ನೋಡಿದೆ," ಅಂದಳು ಅವಳು, ಏದುಸಿರು ಬಿಡುತ್ತಾ. ಕಣ್ಣು ತುಂಬಿ ಬಂತು. "ಕ್ಷಮಿಸಿ. ಕೆಸರೂ ಇರಲಿಲ್ಲ ಅಲ್ಲಿ."

"ಗೊತ್ತು."

"ಗೊತ್ತಿದ್ದೂ ಸುಮ್ಮನಿದ್ರಾ?"

"ನೀವು ಸುಳ್ಳು ಹೇಳುವಾಗ ಕಿವಿ ಕೆಂಪಾಗುತ್ತೆ. ನನ್ನ ಹಾಗೇ." ಅವನು ಜೇಬಿನಿಂದ ಮುದುಡಿದ ಲಕೋಟೆ ತೆಗೆದ. "ಅನುಮತಿ ಸಿಕ್ಕಿದೆ. ನಿಮ್ಮ ಅತ್ತೆ ತಗೊಳ್ಳಲಿಲ್ಲ."

"ಮೂರು ಗಂಟೆಗೆ ಬಡಗಿ ಬರ್ತಾನೆ!"

"ಗರಗಸ ತರ್ತಾನಾ?" ಅವನು ಗಾಬರಿಯಿಂದ ಗಡಿಯಾರ ನೋಡಿದ. "ಬೇಡ, ಸುತ್ತಿಗೆ, ಉಳಿ ಸಾಕು. ಚೌಕಟ್ಟು ಬಿಚ್ಚೋಕೆ ಅವನೇ ಬೇಕು. ಮಾಲೀಕರನ್ನ ಆಗಲೇ ಕೇಳಿದೀನಿ, ಕೆಡವೋ ಕಟ್ಟಡ ತಾನೇ ಅಂದ್ರು. ಬನ್ನಿ, ಲಾರಿ ಹಿಡಿಯೋಣ!"

ಎರಡು ಹೆಜ್ಜೆ ಹೋದವನು ನಿಂತ. "ಚೀಟಿಯಲ್ಲಿ... ಎರಡನೇ ದೂರು?"

"ಅದಿನ್ನೂ ವಿಚಾರಣೆಯಲ್ಲಿದೆ," ಅಂದಳು ಅಂಪೈರಮ್ಮ. ಅವಳ ಕಿವಿ ಕೆಂಪಾಗಿತ್ತು.

*

ಸಂಜೆ ಐದಕ್ಕೆ ಮೇಜು ಕಿಟಕಿಯಿಂದ ಹೊರಬಂತು. ಬೀದಿಯವರೆಲ್ಲ ತಲೆಯೆತ್ತಿ ನಿಂತಿದ್ದರು. ಲಾರಿಯ ಮೇಲೆ ಕಟ್ಟಿದ ಅಟ್ಟಣಿಗೆಗೆ ನದಿ, ಗುಡ್ಡ, ಸೇತುವೆ, ಗಿರಣಿ ಎಲ್ಲವೂ ಮಲಗಿದ ಹಾಗೆಯೇ ಜಾರಿದವು. ಒಂದು ಕಡೆ ಒಂದೂವರೆ ಅಂಗುಲ, ಇನ್ನೊಂದು ಕಡೆ ಒಂದೂವರೆ ಅಂಗುಲ ಮಿಕ್ಕಿತ್ತು. ಅಪ್ಪ ಲಾರಿಯ ಹಿಂದೆ ನಡೆದೇ ಬರುತ್ತೇನೆಂದು ಹಟ ಹಿಡಿದರು. ಅತ್ತೆ ಅರ್ಧ ಹೆಣೆದ ಸ್ವೆಟರನ್ನು ಸರ್ವೇಯರನ ಬೆನ್ನಿಗೆ ಹಿಡಿದು ಅಳತೆ ನೋಡಿದಳು. ಅದು ಅವಳ ಕ್ಷಮಾಪಣೆ.

ಭಾನುವಾರ ನಕ್ಷೆ ಕೋಣೆಯಲ್ಲಿ, ಒಬ್ಬೊಬ್ಬ ಸೈನಿಕನೂ ತನ್ನ ಜಾಗದಲ್ಲಿ ನಿಂತಮೇಲೆ, ಹನ್ನೆರಡನೇ ಸರದಿ ಶುರುವಾಯಿತು. ಅಪ್ಪನ ದೂತ ಗುಡ್ಡ ಬಳಸಿ ಮೀಸಲು ಪಡೆ ಸೇರಿದ.

"ತಲುಪಿತು!" ಅಂತ ಅವಳು ಕೂಗಿದಾಗ ಅಪ್ಪ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

ಹದಿನಾಲ್ಕನೇ ಸರದಿಯಲ್ಲಿ ಸೇತುವೆ ಬಿಳಿಯವರ ಪಾಲಾಯಿತು. ಚೀಟಿ ತಲುಪಿತ್ತು, ಮೀಸಲು ಪಡೆ ಬಂದಿತ್ತು, ಆದರೂ ಅಪ್ಪ ಸೋತರು.

"ಅಯ್ಯೋ ಸರ್..." ಅಂದ ಅವನು, ತಪ್ಪು ಮಾಡಿದವನಂತೆ.

"ಸೋತ್ರೆ ಸೋತೆ ಬಿಡಯ್ಯಾ!" ಅಪ್ಪ ಗಟ್ಟಿಯಾಗಿ ನಕ್ಕರು. "ಕಾಗದ ಸರಿಯಾದ ಹೊತ್ತಿಗೆ ತಲುಪಿತೋ ಇಲ್ವೋ? ಅಂಚೆಯವರ ಕೆಲಸ ಅಲ್ಲಿಗೆ ಮುಗೀತು. ಆಮೇಲಿನದು ನಿಮ್ಮ ನಿಮ್ಮ ಹಣೆಬರಹ!"

ಅವಳು ಕಂದು ಕುದುರೆಯನ್ನು ಕೈಗೆತ್ತಿಕೊಂಡಳು. ಅಂಪೈರ್ ಚೀಟಿ ಕಳಿಸಿದ್ದು ಹಿಂದೆಂದೂ ಇರಲಿಲ್ಲ. ಮಡಚಿದ ಕಾಗದವೊಂದನ್ನು ಅದರ ಕೆಳಗಿಟ್ಟು, ಅವನ ಕೈಯಿಂದ ಸರಿಯಾಗಿ ಒಂದು ಗೇಣು ದೂರದಲ್ಲಿ ನಿಲ್ಲಿಸಿದಳು.

"ಒಂದೇ ಗೇಣಾ?" ಅಂದ ಅವನು.

"ನಾನು ನಿಮ್ಮಷ್ಟು ದೂರದಿಂದ ಕಳಿಸಲ್ಲ." ಕೋಲಿಟ್ಟು ಕುದುರೆಯನ್ನು ಅವನ ಬೆರಳಿಗೆ ತಾಗಿಸಿದಳು. "ಒಡೀರಿ."

ಬಾಗಿಲ ಮೇಲೆ ಅಂಟಿಸಿದ್ದ ಹಳೆಯ ಚೀಟಿಯೇ ಅದು. ‘ಎದುರಾಳಿ ಬೇಕಾಗಿದ್ದಾರೆ’ ಅಂತ ಅಪ್ಪನ ಅಕ್ಷರ. ಭಾನುವಾರ, ಹನ್ನೊಂದು ಗಂಟೆ ಎರಡನ್ನೂ ಹೊಡೆದುಹಾ‌ಕಿ, ಕೆಳಗೆ ಅವಳ ಕೈಯಲ್ಲಿ ಒಂದೇ ಪದ: ‘ಕಾಯಂ.’

ಅವನು ಅದನ್ನು ಮಡಚಿ ಎದೆಯ ಜೇಬಿಗಿಟ್ಟುಕೊಂಡ. "ಷರತ್ತು ಏನಾದ್ರೂ..."

"ಇದೆ. ಇನ್ನು ಮೇಲೆ ಏನಿದ್ರೂ ಬಾಯಲ್ಲೇ ಹೇಳ್ಬೇಕು. ಕುದುರೆ ಕಾಯೋಕೆ ನನ್ನ ಕೈಲಾಗಲ್ಲ."

"ಈಗ್ಲೇನಾ? ಎಲ್ಲರ ಎದುರಿಗಾ?"

"ಅಪ್ಪ ಕಿವಿ ಮುಚ್ಕೊಂಡಿದ್ದಾರೆ."

"ನಾನು ಮುಚ್ಕೊಂಡಿಲ್ಲ," ಅಂದರು ಅಪ್ಪ.

ಅವನು ನಕ್ಕ. ಅವಳು ಆ ನಗುವನ್ನು ನಂಬಿದಳು, ಎಣಿಸದೆ, ಅಳೆಯದೆ. ಮೇಜು ಸುತ್ತಿ ಅವಳ ಪಕ್ಕಕ್ಕೆ ಬಂದು, ಕಿವಿಯ ಹತ್ತಿರ ಬಾಗಿ, ಏಳು ಸರದಿ ಬೇಕಾಗಿದ್ದ ಮಾತನ್ನು ಒಂದೇ ಉಸಿರಿಗೆ ಹೇಳಿದ.

"ನೀನಂದ್ರೆ ನಂಗೆ ತುಂಬಾ ಇಷ್ಟ."

ಅವಳು ಕಣ್ಣು ಒರೆಸಿಕೊಂಡು, ಅವನ ಕೈ ಹಿಡಿದು, ಅಂಪೈರಿನ ಗತ್ತಿನಲ್ಲೇ ಹೇಳಿದಳು.

"ತಲುಪಿತು."